ಎಕ್ಸೆಲ್ ಚಾರ್ಟ್ ಯಾಕೆ ಹೀಗೆ ಕಾಣ್ತಿದೆ? ತಪ್ಪು ಹುಡುಕುವ ದಾರಿ

ನಮ್ಮೂರ ಹಾಲಿನ ಡೇರಿಯ ಸೆಕ್ರೆಟರಿ ಒಂದು ಸಂಜೆ ಲ್ಯಾಪ್‌ಟಾಪ್ ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದರು. ಸರ್ವ ಸದಸ್ಯರ ಸಭೆ ಹತ್ತಿರ ಬಂದಿತ್ತು. ವರದಿ ಪುಸ್ತಕ ಮರುದಿನ ಪ್ರೆಸ್‌ಗೆ ಹೋಗಬೇಕು. ಅದಕ್ಕೆ ಹಾಕಲು ಅವರೇ ಕೂತು ಒಂದು ಚಾರ್ಟ್ ಮಾಡಿದ್ದರು. 12 ತಿಂಗಳ ಹಾಲು ಶೇಖರಣೆಗೆ ಕಂಬಗಳು, ಫ್ಯಾಟ್‌ಗೆ, ಅಂದರೆ ಹಾಲಿನ ಕೊಬ್ಬಿನಂಶಕ್ಕೆ, ಒಂದು ಗೆರೆ. ಆದರೆ ಜುಲೈ ತಿಂಗಳ ಕಂಬವೇ ಇರಲಿಲ್ಲ. ಫ್ಯಾಟ್ ಗೆರೆ ನೆಲಕ್ಕೆ ಅಂಟಿಕೊಂಡಿತ್ತು. ತಿಂಗಳ ಹೆಸರು ಇರಬೇಕಾದ ಕಡೆ ಯಾವ ಭಾಷೆಯೂ ಅಲ್ಲದ ಏನೋ ಇತ್ತು.

"ಬಣ್ಣ ಬದಲಾಯಿಸಿದೆ, ಸ್ಟೈಲ್ ಬದಲಾಯಿಸಿದೆ, ಅಳಿಸಿ ಮತ್ತೆ ಮಾಡಿದೆ. ಏನು ಮಾಡಿದ್ರೂ ಹಿಂಗೇ ಬರ್ತದೆ ಮೇಷ್ಟ್ರೇ," ಅಂದರು.

ಅಳಿಸಿ ಮತ್ತೆ ಮಾಡಿದರೂ ಹಾಗೇ ಬರುತ್ತದೆ ಅನ್ನುವುದೇ ದೊಡ್ಡ ಸುಳಿವು. ತಪ್ಪು ಬಣ್ಣದಲ್ಲಿ ಇದ್ದಿದ್ದರೆ ಹೊಸ ಚಾರ್ಟಿನಲ್ಲಿ ಹೋಗಿಬಿಡಬೇಕಿತ್ತು. ಹೋಗಲಿಲ್ಲ ಅಂದರೆ ಅದು ಸೆಲ್‌ಗಳಲ್ಲಿ ಕೂತಿದೆ. ಇಲ್ಲವೇ ಎಕ್ಸೆಲ್ ಆ ಸೆಲ್‌ಗಳನ್ನು ನೋಡಿ ಏನೋ ಊಹೆ ಮಾಡಿಕೊಂಡಿದೆ. ಚಾರ್ಟ್ ಮಾಡುವಾಗ ಎಕ್ಸೆಲ್ ನಮ್ಮನ್ನು ಹೆಚ್ಚೇನೂ ಕೇಳುವುದಿಲ್ಲ. ಯಾವುದು ಹೆಸರು, ಯಾವುದು ಅಂಕಿ, ಯಾವುದು ದಿನಾಂಕ, ಅಕ್ಷ (ಚಾರ್ಟಿನ ಅಂಚಿನ ಅಳತೆಗೆರೆ) ಎಲ್ಲಿಂದ ಶುರುವಾಗಬೇಕು, ಎಲ್ಲವನ್ನೂ ತಾನೇ ಊಹಿಸುತ್ತದೆ. ಆ ಊಹೆ ತಪ್ಪಿದಾಗ ನಾವು ಚಾರ್ಟ್ ಕೆಟ್ಟಿದೆ ಅನ್ನುತ್ತೇವೆ.

ಇಲ್ಲಿ ಹೇಳುವುದು ಎಕ್ಸೆಲ್ 2013 ಮತ್ತು ಅದರ ನಂತರದ ಆವೃತ್ತಿಗಳಿಗೆ, ವಿಂಡೋಸ್‌ನಲ್ಲಿ. ಮೆನು ಹೆಸರುಗಳನ್ನು ಪರದೆ ಮೇಲೆ ಇರುವಂತೆಯೇ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ.

ಮೊದಲು ಎರಡು ನಿಮಿಷದ ಪರೀಕ್ಷೆ

ಯಾವ ಆಪ್ಷನ್ನನ್ನೂ ಮುಟ್ಟುವ ಮೊದಲು ಇಷ್ಟು ಮಾಡಿ. ಖಾಲಿ ಶೀಟ್ ತೆರೆಯಿರಿ. ಮೂರು ಹೆಸರು, ಮೂರು ಅಂಕಿ ಕೈಯಿಂದಲೇ ಟೈಪ್ ಮಾಡಿ. ಕಾಪಿ ಮಾಡಬೇಡಿ, ಕಾಪಿ ಮಾಡಿದರೆ ರೋಗವೂ ಜೊತೆಗೆ ಬರುತ್ತದೆ. ಅದೇ ಬಗೆಯ ಚಾರ್ಟ್ ಹಾಕಿ. ಇದು ಸರಿ ಬಂತಾ? ಹಾಗಾದರೆ ಮೂಲ ಶೀಟಿನಿಂದ, ತೊಂದರೆ ಕೊಡುತ್ತಿರುವ ಸಾಲೂ ಸೇರಿದಂತೆ, ಮೂರು ಸಾಲು ಕಾಪಿ ಮಾಡಿ ತಂದು ಇನ್ನೊಂದು ಚಾರ್ಟ್ ಹಾಕಿ. ಎರಡನೆಯದರಲ್ಲಿ ತೊಂದರೆ ಕಂಡರೆ ಡೇಟಾದಲ್ಲಿ ತಪ್ಪಿದೆ. ಎರಡೂ ಸರಿ ಇದ್ದು ಹಳೇ ಚಾರ್ಟ್ ಮಾತ್ರ ಕೆಟ್ಟಿದ್ದರೆ ತಪ್ಪು ಹಳೇ ಚಾರ್ಟಿನ ಅಲಂಕಾರದಲ್ಲಿದೆ.

ಅಲಂಕಾರದ ತಪ್ಪಾದರೆ ಒಂದು ಸುಲಭದ ದಾರಿ ಇದೆ. ಚಾರ್ಟ್ ಮೇಲೆ ರೈಟ್ ಕ್ಲಿಕ್ ಮಾಡಿ 'ರೀಸೆಟ್ ಟು ಮ್ಯಾಚ್ ಸ್ಟೈಲ್' ಒತ್ತಿ. ನೀವು ಕೈಯಾರೆ ಮಾಡಿದ ಬಣ್ಣ, ಫಾಂಟ್, ಗೆರೆಯ ದಪ್ಪ ಎಲ್ಲಾ ಹೋಗಿ ಚಾರ್ಟ್ ತನ್ನ ಮೂಲ ರೂಪಕ್ಕೆ ಬರುತ್ತದೆ. ಯಾರೋ ಮಾಡಿಕೊಟ್ಟ ಹಳೇ ಫೈಲನ್ನು ವರ್ಷವರ್ಷ ಬಳಸುವವರಿಗೆ ಇದು ತುಂಬಾ ಉಪಯೋಗ. ಯಾವ ಪುಣ್ಯಾತ್ಮ ಏನು ಸೆಟ್ ಮಾಡಿಟ್ಟಿದ್ದಾನೋ ಹುಡುಕುತ್ತಾ ಕೂರಬೇಕಿಲ್ಲ.

ಕಂಬ ಇಲ್ಲ, ಅಥವಾ ಗೆರೆ ಧೊಪ್ಪನೆ ಸೊನ್ನೆಗೆ ಬೀಳುತ್ತದೆ

ಜುಲೈ ಕಂಬದ ಕಥೆ ಇದು. ಸೆಲ್‌ನಲ್ಲಿ ಅಂಕಿ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತಿತ್ತು. ಆದರೆ ಎಕ್ಸೆಲ್‌ಗೆ ಅದು ಅಂಕಿ ಅಲ್ಲ, ಬರಹ. ಬರಹವನ್ನು ಚಾರ್ಟ್ ಸೊನ್ನೆ ಎಂದು ಎಣಿಸುತ್ತದೆ. ಸೊನ್ನೆ ಎತ್ತರದ ಕಂಬ ಕಾಣುವುದಾದರೂ ಹೇಗೆ?

ಇದನ್ನು ಹಿಡಿಯಲು ಸೂತ್ರ ಏನೂ ಬೇಡ. 12 ಸೆಲ್‌ಗಳನ್ನು ಎಳೆದು ಸೆಲೆಕ್ಟ್ ಮಾಡಿ ಪರದೆಯ ಕೆಳಗಿನ ಪಟ್ಟಿ ನೋಡಿ. ಅಲ್ಲಿ ಸಾಮಾನ್ಯವಾಗಿ 'ಆವರೇಜ್', 'ಕೌಂಟ್', 'ಸಮ್' ಎಂದು ಮೂರು ಲೆಕ್ಕ ಬರುತ್ತದೆ. ಅನುಮಾನ ಇರುವ ಎರಡು ಮೂರು ಸೆಲ್ ಮಾತ್ರ ಸೆಲೆಕ್ಟ್ ಮಾಡಿದಾಗ ಬರೀ 'ಕೌಂಟ್' ತೋರಿಸಿ 'ಸಮ್' ತೋರಿಸದಿದ್ದರೆ ಅವು ಬರಹಗಳೇ. ಇನ್ನೊಂದು ಗುರುತು: ಅಂಕಿ ತಾನಾಗಿ ಸೆಲ್‌ನ ಬಲಕ್ಕೆ ಕೂರುತ್ತದೆ, ಬರಹ ಎಡಕ್ಕೆ. ಆದರೆ ಎಲ್ಲವನ್ನೂ ನಡುವಿಗೆ ತಂದು ಚಂದ ಮಾಡಿಟ್ಟಿದ್ದರೆ ಈ ಗುರುತು ಮುಚ್ಚಿಹೋಗಿರುತ್ತದೆ. ಚಂದ ಮಾಡುವುದನ್ನು ಕೊನೆಗೆ ಇಟ್ಟುಕೊಳ್ಳಿ ಅಂತ ನಾನು ಹೇಳುತ್ತಲೇ ಇರುತ್ತೇನೆ, ಯಾರೂ ಕೇಳುವುದಿಲ್ಲ.

ಅಂಕಿ ಬರಹವಾಗಲು ಕಾರಣ ಹೆಚ್ಚಾಗಿ ಮೂರು. ಒಂದು, ಅಂಕಿಯ ಪಕ್ಕ 'ಲೀ' ಅಥವಾ 'ರೂ' ಎಂದು ಟೈಪ್ ಮಾಡಿರುವುದು. ನಮ್ಮ ಜುಲೈನಲ್ಲಿ ಆಗಿದ್ದು ಇದೇ. 11 ತಿಂಗಳು ಸೆಕ್ರೆಟರಿ ಬರೆದಿದ್ದರು. ಅವರು ರಜೆಯಲ್ಲಿದ್ದಾಗ ಜುಲೈ ಲೆಕ್ಕವನ್ನು ಟೆಸ್ಟರ್ ಹುಡುಗ ಬರೆದಿದ್ದ, 'ಲೀ' ಸೇರಿಸಿ. ಎರಡು, ಬೇರೆ ಸಾಫ್ಟ್‌ವೇರ್‌ನಿಂದ ಇಳಿಸಿಕೊಂಡ ಫೈಲು. ಇಂಥ ಸೆಲ್‌ಗಳ ಮೂಲೆಯಲ್ಲಿ ಸಣ್ಣ ಹಸಿರು ತ್ರಿಕೋನ ಕಾಣುತ್ತದೆ. ಸೆಲೆಕ್ಟ್ ಮಾಡಿ, ಪಕ್ಕದಲ್ಲಿ ಬರುವ ಹಳದಿ ಚಿಹ್ನೆ ಒತ್ತಿ, 'ಕನ್ವರ್ಟ್ ಟು ನಂಬರ್' ಅಂದರೆ ಆಯಿತು. ಇಡೀ ಕಾಲಂ ಇದ್ದರೆ 'ಡೇಟಾ' ಟ್ಯಾಬಿನ 'ಟೆಕ್ಸ್ಟ್ ಟು ಕಾಲಮ್ಸ್' ತೆರೆದು ಏನೂ ಬದಲಿಸದೆ ನೇರ 'ಫಿನಿಶ್' ಒತ್ತಿ. ಮೂರು, ವೆಬ್‌ಸೈಟಿನಿಂದ ಕಾಪಿ ಮಾಡಿದಾಗ ಅಂಕಿಯ ಹಿಂದೆ ಬರುವ ಕಾಣದ ಖಾಲಿ ಜಾಗ. ಆ ಖಾಲಿ ಜಾಗವನ್ನೇ ಕಾಪಿ ಮಾಡಿ 'ಫೈಂಡ್ ಅಂಡ್ ರಿಪ್ಲೇಸ್'ನ ಮೇಲಿನ ಡಬ್ಬಿಗೆ ಅಂಟಿಸಿ, ಕೆಳಗಿನ ಡಬ್ಬಿ ಖಾಲಿ ಬಿಟ್ಟು 'ರಿಪ್ಲೇಸ್ ಆಲ್' ಮಾಡಿ. ಸ್ಪೇಸ್ ಬಾರ್‌ನಿಂದ ಟೈಪ್ ಮಾಡಿದರೆ ಕೆಲವೊಮ್ಮೆ ಸಿಗುವುದಿಲ್ಲ, ಯಾಕೆಂದರೆ ಅದು ಬೇರೆ ಜಾತಿಯ ಸ್ಪೇಸು.

'ಲೀ' ಕಾಣಲೇಬೇಕು ಅಂದರೆ ಟೈಪ್ ಮಾಡಬೇಡಿ, ಸೆಲ್‌ನ ನಂಬರ್ ಫಾರ್ಮ್ಯಾಟಿನಲ್ಲಿ ಹಾಕಿ. 'ಫಾರ್ಮ್ಯಾಟ್ ಸೆಲ್ಸ್', 'ನಂಬರ್', 'ಕಸ್ಟಮ್'ಗೆ ಹೋಗಿ ಹೀಗೆ ಬರೆಯಿರಿ:

#,##0 "ಲೀ"

ಕಣ್ಣಿಗೆ ಲೀಟರ್ ಕಾಣುತ್ತದೆ, ಎಕ್ಸೆಲ್‌ಗೆ ಅಂಕಿ ಅಂಕಿಯಾಗಿಯೇ ಉಳಿಯುತ್ತದೆ.

ಇದರ ತಮ್ಮನಂಥ ತೊಂದರೆ ಒಂದಿದೆ. ವರ್ಷದ ಮಧ್ಯದಲ್ಲಿ ಗೆರೆ ಚಾರ್ಟ್ ಮಾಡಿದಾಗ, ಇನ್ನೂ ಬಾರದ ತಿಂಗಳುಗಳಲ್ಲಿ ಗೆರೆ ಸೊನ್ನೆಗೆ ಬಿದ್ದು ಮಲಗುತ್ತದೆ. ಅಲ್ಲಿನ ಸೆಲ್ ಖಾಲಿ ಕಾಣುತ್ತದೆ, ಆದರೆ ಖಾಲಿ ಅಲ್ಲ. 'ಅಂಕಿ ಇಲ್ಲದಿದ್ದರೆ ಏನೂ ತೋರಿಸಬೇಡ' ಅನ್ನುವ ಸೂತ್ರ ಅಲ್ಲಿ ಕೂತಿರುತ್ತದೆ, ಅದು ಕೊಡುವುದು ಖಾಲಿ ಬರಹ. ಬರಹ ಅಂದರೆ ಮತ್ತೆ ಸೊನ್ನೆ. ಸೂತ್ರದಲ್ಲಿ ಖಾಲಿ ಉದ್ಧರಣ ಚಿಹ್ನೆ ಇರುವ ಕಡೆ 'ಎನ್‌ಎ' ಫಂಕ್ಷನ್, ಅಂದರೆ NA(), ಹಾಕಿ. ಸೆಲ್‌ನಲ್ಲಿ ಎರರ್ ಥರ ಕಾಣುತ್ತದೆ, ಆದರೆ ಗೆರೆ ನೆಲಕ್ಕೆ ಬೀಳುವುದಿಲ್ಲ. ಸೆಲ್ ನಿಜವಾಗಿಯೂ ಖಾಲಿ ಇದ್ದರೆ ಏನು ಮಾಡಬೇಕು ಅನ್ನುವುದನ್ನು ಚಾರ್ಟಿನ 'ಸೆಲೆಕ್ಟ್ ಡೇಟಾ' ಒಳಗೆ 'ಹಿಡನ್ ಅಂಡ್ ಎಂಪ್ಟಿ ಸೆಲ್ಸ್' ಬಟನ್‌ನಲ್ಲಿ ಹೇಳಬಹುದು: ಜಾಗ ಬಿಡಬೇಕೋ, ಸೊನ್ನೆ ಅನ್ನಬೇಕೋ, ಅಕ್ಕಪಕ್ಕದ ಬಿಂದುಗಳನ್ನು ಗೆರೆಯಿಂದ ಸೇರಿಸಬೇಕೋ.

ಅದೇ ಬಟನ್ ಒಳಗೆ ಇನ್ನೊಂದು ಟಿಕ್ ಇದೆ. ಸಾಲುಗಳನ್ನು ಹೈಡ್ ಮಾಡಿದ ಕೂಡಲೇ ಚಾರ್ಟಿನಿಂದಲೂ ಅವು ಮಾಯವಾಗುತ್ತವೆ, ಎಕ್ಸೆಲ್‌ನ ಮೂಲ ನಡವಳಿಕೆಯೇ ಹಾಗೆ. 'ಶೋ ಡೇಟಾ ಇನ್ ಹಿಡನ್ ರೋಸ್ ಅಂಡ್ ಕಾಲಮ್ಸ್' ಟಿಕ್ ಮಾಡಿದರೆ ವಾಪಸ್ ಬರುತ್ತವೆ.

ತಿಂಗಳ ಹೆಸರು ಗಲಿಬಿಲಿಯಾಗಿದೆ

ಕನ್ನಡದಲ್ಲಿ ಲೆಕ್ಕ ಇಡುವ ಆಫೀಸುಗಳಲ್ಲಿ ಈ ತೊಂದರೆ ಸಾಮಾನ್ಯ. ಇಂಗ್ಲಿಷ್‌ನವರಿಗೆ ಇದರ ಗಂಧವೂ ಇರುವುದಿಲ್ಲ. ಶೀಟಿನಲ್ಲಿ 'ಏಪ್ರಿಲ್', 'ಮೇ' ಎಂದು ಮುತ್ತಿನಂಥ ಕನ್ನಡ ಕಾಣುತ್ತದೆ. ಚಾರ್ಟಿನಲ್ಲಿ ಮಾತ್ರ ಇಂಗ್ಲಿಷ್ ಅಕ್ಷರಗಳ ತಲೆ ಮೇಲೆ ಕೊಕ್ಕೆ, ಚುಕ್ಕಿ ಹತ್ತಿದ ಕಸ.

ಕಾರಣ ಹೀಗಿದೆ. ಹಳೇ ನುಡಿ, ಬರಹ ಫಾಂಟ್‌ಗಳಲ್ಲಿ ಯುನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಪದ್ಧತಿ) ಅಲ್ಲದೆ ಟೈಪ್ ಮಾಡಿದರೆ ಸೆಲ್‌ನಲ್ಲಿ ಉಳಿಯುವುದು ಕನ್ನಡ ಅಕ್ಷರ ಅಲ್ಲವೇ ಅಲ್ಲ. ಅಲ್ಲಿರುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತ. ಫಾಂಟ್ ಅವುಗಳಿಗೆ ಕನ್ನಡದ ವೇಷ ಹಾಕುತ್ತದೆ ಅಷ್ಟೇ. ಚಾರ್ಟ್ ಮಾಡಿದಾಗ ಎಕ್ಸೆಲ್ ಸೆಲ್‌ನ ಫಾಂಟನ್ನು ತೆಗೆದುಕೊಳ್ಳುವುದಿಲ್ಲ, ಫೈಲಿನ ಥೀಮ್ ಫಾಂಟ್ ತೆಗೆದುಕೊಳ್ಳುತ್ತದೆ. ಅಲ್ಲಿಗೆ ವೇಷ ಕಳಚಿ ಬೀಳುತ್ತದೆ.

ಖಚಿತ ಮಾಡಿಕೊಳ್ಳಲು ಆ ಸೆಲ್ ಮೇಲೆ ಕ್ಲಿಕ್ ಮಾಡಿ ಮೇಲಿನ ಸೂತ್ರದ ಪಟ್ಟಿ ನೋಡಿ. ಅಲ್ಲಿಯೂ ಕಸವೇ ಕಂಡರೆ ಡೇಟಾ ಯುನಿಕೋಡ್ ಅಲ್ಲ. ಪಟ್ಟಿಯಲ್ಲಿ ಕನ್ನಡವೇ ಕಂಡರೆ ಇದು ಬೇರೆ ತೊಂದರೆ, ಮುಂದೆ ಹೇಳುತ್ತೇನೆ.

ತುರ್ತಿಗೆ ಒಂದು ದಾರಿ: ಚಾರ್ಟಿನ ಆ ಅಕ್ಷದ ಹೆಸರುಗಳ ಮೇಲೆ ಒಮ್ಮೆ ಕ್ಲಿಕ್ ಮಾಡಿ, 'ಹೋಮ್' ಟ್ಯಾಬಿನಲ್ಲಿ ಶೀಟಿಗೆ ಬಳಸಿದ ಅದೇ ಫಾಂಟ್ ಆರಿಸಿ. ಕನ್ನಡ ಬರುತ್ತದೆ. ಆದರೆ ಇಡೀ ಚಾರ್ಟ್ ಸೆಲೆಕ್ಟ್ ಮಾಡಿ ಫಾಂಟ್ ಬದಲಿಸಬೇಡಿ. ಶೀರ್ಷಿಕೆಯಲ್ಲೋ ಲೆಜೆಂಡ್‌ನಲ್ಲೋ (ಯಾವ ಬಣ್ಣ ಯಾವುದಕ್ಕೆ ಎಂದು ಹೇಳುವ ಪಟ್ಟಿ) ಇರುವ ಇಂಗ್ಲಿಷ್ ಪದಗಳು ಆಗ ಅರ್ಥವಿಲ್ಲದ ಕನ್ನಡವಾಗುತ್ತವೆ. ಫೈಲ್ ಬೇರೆ ಕಂಪ್ಯೂಟರಿಗೆ ಹೋಗಿ ಅಲ್ಲಿ ಆ ಫಾಂಟ್ ಇರದಿದ್ದರೆ ಮತ್ತೆ ಕಸವೇ.

ಸರಿಯಾದ ದಾರಿ ಡೇಟಾವನ್ನು ಯುನಿಕೋಡ್‌ಗೆ ಬದಲಿಸುವುದು. ನುಡಿ, ಬರಹ ಎರಡು ತಂತ್ರಾಂಶಗಳಲ್ಲೂ ಇದಕ್ಕೆ ಪರಿವರ್ತಕ ಇದೆ. ಬದಲಿಸಿದ ಮೇಲೆ ಒಂದು ಸಲ ಕಣ್ಣಾಡಿಸಿ, ಮುಖ್ಯವಾಗಿ ಅರ್ಕಾವತ್ತು ಮತ್ತು ಎರಡು ಒತ್ತು ಇರುವ ಪದಗಳನ್ನು. 'ಮಾರ್ಚ್', 'ಅಕ್ಟೋಬರ್', 'ಸೆಪ್ಟೆಂಬರ್' ಮೂರೂ ಸರಿ ಇದ್ದರೆ ಉಳಿದವು ಸಾಮಾನ್ಯವಾಗಿ ಸರಿ ಇರುತ್ತವೆ.

ಇನ್ನು ಕನ್ನಡದ ಬದಲು ಚೌಕ ಡಬ್ಬಿಗಳು ಬಂದರೆ ಡೇಟಾ ಯುನಿಕೋಡೇ, ಆದರೆ ಆ ಕಂಪ್ಯೂಟರಿನಲ್ಲಿ ಕನ್ನಡ ಫಾಂಟ್ ಸಿಗುತ್ತಿಲ್ಲ. ವಿಂಡೋಸ್ 8ರಿಂದ ಈಚೆಗೆ 'ನಿರ್ಮಲಾ ಯುಐ' ಜೊತೆಗೇ ಬರುತ್ತದೆ, ಅದಕ್ಕೂ ಹಳೆಯದರಲ್ಲಿ 'ತುಂಗಾ'. ಪ್ರೆಸ್‌ನವರಿಗೆ ಎಕ್ಸೆಲ್ ಫೈಲ್ ಕೊಡುವ ಬದಲು ಪಿಡಿಎಫ್ ಕೊಟ್ಟರೆ ಈ ತಲೆನೋವು ಬಹುಪಾಲು ತಪ್ಪುತ್ತದೆ.

ಲಿಬ್ರೆಆಫೀಸ್ ಕ್ಯಾಲ್ಕ್ ಬಳಸುವವರು ಕೇಳುವುದು ಇನ್ನೊಂದು: 'ಚಾರ್ಟಿನಲ್ಲಿ ಅಕ್ಷರದ ಗಾತ್ರ 10ರಿಂದ 16ಕ್ಕೆ ಏರಿಸಿದೆ, ಅಂಕಿ ದೊಡ್ಡದಾಯಿತು, ಕನ್ನಡ ಮಾತ್ರ ಇದ್ದ ಹಾಗೇ ಇದೆ.' ಅಲ್ಲಿ ಕನ್ನಡವನ್ನು 'ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್' ಗುಂಪಿಗೆ ಸೇರಿಸಿದ್ದಾರೆ. ಇಂಗ್ಲಿಷ್‌ಗೆ ಒಂದು ಫಾಂಟ್ ಮತ್ತು ಗಾತ್ರ, ಈ ಗುಂಪಿಗೆ ಬೇರೆಯೇ ಫಾಂಟ್ ಮತ್ತು ಗಾತ್ರ. 'ಟೂಲ್ಸ್', 'ಆಪ್ಷನ್ಸ್' ಒಳಗೆ ಭಾಷೆಯ ಪುಟದಲ್ಲಿ 'ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್' ಟಿಕ್ ಮಾಡಿ. ಆಮೇಲೆ ಚಾರ್ಟಿನ ಫಾಂಟ್ ಡಬ್ಬಿಯಲ್ಲಿ ಆ ಗುಂಪಿಗೆ ಬೇರೆ ಜಾಗ ಕಾಣುತ್ತದೆ, ಅಲ್ಲಿ ಬದಲಿಸಿ.

ಪೈಥಾನ್‌ನ ಮ್ಯಾಟ್‌ಪ್ಲಾಟ್‌ಲಿಬ್ ಬಳಸುವ ಹುಡುಗರಿಗೂ ಒಂದು ಮಾತು. ಅದರ ಮೂಲ ಫಾಂಟ್ 'ಡೇಜಾವು ಸ್ಯಾನ್ಸ್'. ಅದರಲ್ಲಿ ಕನ್ನಡವೇ ಇಲ್ಲ, ಹಾಗಾಗಿ ಡಬ್ಬಿ ಬರುತ್ತದೆ. ಕನ್ನಡ ಫಾಂಟ್ ಕೊಟ್ಟರೂ ನಾನು ಬಳಸಿದ ಆವೃತ್ತಿಗಳಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ ನಿಲ್ಲುತ್ತಿತ್ತು. ಅಕ್ಷರಗಳನ್ನು ಕೂಡಿಸುವ ಕೆಲಸ ಅವು ಮಾಡುತ್ತಿರಲಿಲ್ಲ. ಎಸ್‌ವಿಜಿಯಾಗಿ, ಬರಹವನ್ನು ಬರಹವಾಗಿಯೇ ಇಡುವ ಆಯ್ಕೆ ಕೊಟ್ಟು ಉಳಿಸಿ ಬ್ರೌಸರಿನಲ್ಲಿ ತೆರೆದರೆ ಕೂಡಿಸುವ ಕೆಲಸ ಬ್ರೌಸರ್ ಮಾಡುತ್ತದೆ.

ಗೆರೆ ನೆಲಕ್ಕೆ ಅಂಟಿದೆ

ಸೆಕ್ರೆಟರಿಯವರ ಮೂರನೇ ತೊಂದರೆ. ಹಾಲು ಸಾವಿರಾರು ಲೀಟರ್, ಫ್ಯಾಟ್ ನಾಲ್ಕರ ಆಸುಪಾಸು. ಒಂದೇ ಅಳತೆಯಲ್ಲಿ ಎರಡನ್ನೂ ಬರೆದರೆ ಫ್ಯಾಟ್ ಎಲ್ಲಿ ಕಾಣಬೇಕು? ಆನೆ ಪಕ್ಕ ಇರುವೆ ನಿಲ್ಲಿಸಿದ ಹಾಗೆ.

ಪರಿಹಾರ ಎರಡನೇ ಅಕ್ಷ. ಆದರೆ ನೆಲಕ್ಕೆ ಅಂಟಿದ ಗೆರೆ ಮೇಲೆ ಮೌಸ್ ಕೂರುವುದೇ ಇಲ್ಲ. ಇಲ್ಲಿ ಬಹಳ ಜನ ಸೋಲುತ್ತಾರೆ. ಚಾರ್ಟ್ ಸೆಲೆಕ್ಟ್ ಮಾಡಿ 'ಫಾರ್ಮ್ಯಾಟ್' ಟ್ಯಾಬಿಗೆ ಹೋಗಿ. ಎಡ ತುದಿಯಲ್ಲಿ ಒಂದು ಪಟ್ಟಿ ಇದೆ, ಚಾರ್ಟಿನ ಎಲ್ಲ ಭಾಗಗಳ ಹೆಸರೂ ಅದರಲ್ಲಿರುತ್ತದೆ. ಅಲ್ಲಿಂದ ಫ್ಯಾಟ್ ಸೀರೀಸ್ (ಒಂದು ಗೆರೆ ಅಥವಾ ಒಂದು ಬಗೆಯ ಕಂಬಗಳ ಇಡೀ ಗುಂಪನ್ನು ಸೀರೀಸ್ ಅನ್ನುತ್ತಾರೆ) ಆರಿಸಿ, ಕೆಳಗಿನ 'ಫಾರ್ಮ್ಯಾಟ್ ಸೆಲೆಕ್ಷನ್' ಒತ್ತಿ, 'ಸೆಕೆಂಡರಿ ಆಕ್ಸಿಸ್' ಆರಿಸಿ. ಕಣ್ಣಿಗೆ ಕಾಣದ ಯಾವುದನ್ನೇ ಹಿಡಿಯಲೂ ಈ ಪಟ್ಟಿಯೇ ದಾರಿ.

ಎರಡೂ ಕಂಬಗಳಾಗಿಯೇ ಇದ್ದರೆ ಈಗ ಹೊಸ ತೊಂದರೆ ಬರುತ್ತದೆ. ಎರಡನೇ ಅಕ್ಷದ ಕಂಬಗಳು ಮೊದಲನೆಯವುಗಳ ಮುಂದೆಯೇ ನಿಂತು ಮುಚ್ಚುತ್ತವೆ. ಕೆಲವರು ಆಗ ಹಾಲಿನ ಡೇಟಾ ಮಾಯವಾಯಿತು ಎಂದು ಗಾಬರಿಯಾಗುತ್ತಾರೆ. 'ಚೇಂಜ್ ಚಾರ್ಟ್ ಟೈಪ್'ನಲ್ಲಿ 'ಕಾಂಬೊ' ಆರಿಸಿ ಒಂದನ್ನು ಗೆರೆ ಮಾಡಿ. ಗೆರೆ ಆರಿಸುವಾಗ 'ಸ್ಟ್ಯಾಕ್ಡ್ ಲೈನ್' ಮೇಲೆ ಕೈ ಹೋಗದಂತೆ ನೋಡಿಕೊಳ್ಳಿ. ಅದರ ಚಿತ್ರ ಮಾಮೂಲಿ ಗೆರೆಯ ಚಿತ್ರದ ಥರವೇ ಇದೆ. ಗೆರೆಗಳು ಎರಡು ಮೂರು ಇದ್ದರೆ ಅದು ಒಂದರ ಮೇಲೊಂದನ್ನು ಕೂಡಿಸಿ ಬರೆಯುತ್ತದೆ. ಮೇಲಿನ ಗೆರೆಯ ಬೆಲೆ ಸೆಲ್‌ಗಿಂತ ಜಾಸ್ತಿ ಕಂಡರೆ ಮೊದಲು ಇದನ್ನೇ ಅನುಮಾನಿಸಿ.

ಎರಡು ಅಕ್ಷ ಹಾಕಿದ ಮೇಲೆ ಎರಡಕ್ಕೂ ಹೆಸರು ಬರೆಯಿರಿ. ಎಡಕ್ಕೆ ಲೀಟರ್, ಬಲಕ್ಕೆ ಫ್ಯಾಟ್ ಶೇಕಡಾ. ಹೆಸರಿಲ್ಲದ ಎರಡು ಅಕ್ಷ ಇಡುವುದಕ್ಕಿಂತ ಎರಡು ಬೇರೆ ಚಾರ್ಟ್ ಮಾಡುವುದೇ ವಾಸಿ ಅನ್ನುವುದು ನನ್ನ ಅಭಿಪ್ರಾಯ.

"ಹಾಲು ಅರ್ಧಕ್ಕೆ ಇಳೀತಲ್ಲ!"

ಹಿಂದೊಂದು ವರ್ಷದ ಸಭೆಯಲ್ಲಿ ಒಬ್ಬ ಸದಸ್ಯರು ಎದ್ದು ಹೀಗೆ ಕೇಳಿದ್ದರಂತೆ. ಹಾಲು ಇಳಿದಿರಲಿಲ್ಲ. ಅಕ್ಷ ಸೊನ್ನೆಯಿಂದ ಶುರುವಾಗಿರಲಿಲ್ಲ.

ಎಕ್ಸೆಲ್‌ನ ಲೆಕ್ಕ ಹೀಗೆ. ಅತಿ ದೊಡ್ಡ ಅಂಕಿಗೂ ಅತಿ ಸಣ್ಣ ಅಂಕಿಗೂ ಇರುವ ವ್ಯತ್ಯಾಸ ದೊಡ್ಡ ಅಂಕಿಯ ಆರನೇ ಒಂದು ಭಾಗಕ್ಕಿಂತ ಕಡಿಮೆ ಇದ್ದರೆ ಅಕ್ಷವನ್ನು ಸೊನ್ನೆಯಿಂದ ಶುರು ಮಾಡುವುದಿಲ್ಲ, ಮಧ್ಯದಲ್ಲೆಲ್ಲೋ ಶುರು ಮಾಡುತ್ತದೆ. ಉದಾಹರಣೆಗೆ, ತಿಂಗಳ ಹಾಲು 9,400 ಮತ್ತು 9,900 ಲೀಟರ್ ನಡುವೆ ಓಡಾಡುತ್ತಿದೆ ಅಂದುಕೊಳ್ಳಿ. ಅಕ್ಷ 9,000ದಿಂದ ಶುರುವಾದರೆ ಒಂದು ಕಂಬದ ಎತ್ತರ 400, ಇನ್ನೊಂದರದ್ದು 900. ನೋಡುವ ಕಣ್ಣಿಗೆ ಒಂದು ಇನ್ನೊಂದರ ಅರ್ಧಕ್ಕೂ ಕಡಿಮೆ. ಅಸಲಿ ವ್ಯತ್ಯಾಸ ನೂರಕ್ಕೆ ಐದು.

ಎಡ ಅಕ್ಷದ ಅಂಕಿಗಳ ಮೇಲೆ ಡಬಲ್ ಕ್ಲಿಕ್ ಮಾಡಿ. ಬಲಗಡೆ ತೆರೆಯುವ ಫಲಕದಲ್ಲಿ 'ಬೌಂಡ್ಸ್' ಕೆಳಗೆ 'ಮಿನಿಮಮ್' ಡಬ್ಬಿಯಲ್ಲಿ 0 ಟೈಪ್ ಮಾಡಿ ಎಂಟರ್ ಒತ್ತಿ. ಪಕ್ಕದಲ್ಲಿದ್ದ 'ಆಟೋ' ಎಂಬ ಪದ 'ರೀಸೆಟ್' ಆದರೆ ನಿಮ್ಮ ಅಂಕಿ ಕೂತಿದೆ ಎಂದರ್ಥ. 'ಮ್ಯಾಕ್ಸಿಮಮ್' ಮುಟ್ಟಬೇಡಿ. ಅದನ್ನೂ ಕಟ್ಟಿಹಾಕಿದರೆ ಮುಂದಿನ ವರ್ಷ ಹಾಲು ಜಾಸ್ತಿಯಾದಾಗ ಕಂಬಗಳ ತಲೆ ಕತ್ತರಿಸಿ ಹೋಗುತ್ತದೆ. ಹಳೇ ಫೈಲಿನಲ್ಲಿ ಕಂಬಗಳೆಲ್ಲ ಒಂದೇ ಎತ್ತರಕ್ಕೆ ಚಾವಣಿಗೆ ತಾಗಿ ನಿಂತಿದ್ದರೆ ಕಾರಣ ಇದೇ, 'ರೀಸೆಟ್' ಒತ್ತಿ.

ಗೆರೆ ಚಾರ್ಟಿಗೆ ಸೊನ್ನೆಯ ಕಟ್ಟುನಿಟ್ಟು ಬೇಕಿಲ್ಲ. ಫ್ಯಾಟ್ ಗೆರೆಯನ್ನು ಸೊನ್ನೆಯಿಂದ ತೋರಿಸಿದರೆ ಏರಿಳಿತವೇ ಕಾಣುವುದಿಲ್ಲ. ಕಂಬಕ್ಕೆ ಬೇಕೇ ಬೇಕು, ಯಾಕೆಂದರೆ ಅಲ್ಲಿ ಎತ್ತರವನ್ನೇ ಬೆಲೆ ಎಂದು ಓದುತ್ತೇವೆ.

ವರ್ಷವೇ ಒಂದು ಗೆರೆಯಾಗಿ ಬಂದಿದೆ, ತಿಂಗಳ ಬದಲು 45383 ಎಂದಿದೆ

ಮೊದಲ ಕಾಲಂನಲ್ಲಿ 2019, 2020, 2021 ಎಂದಿದ್ದರೆ ಎಕ್ಸೆಲ್‌ಗೆ ಅವೂ ಅಂಕಿಗಳೇ. ಹಾಗಾಗಿ ವರ್ಷಕ್ಕೂ ಒಂದು ಗೆರೆ ಎಳೆದು, ಕೆಳಗೆ 1, 2, 3 ಎಂದು ಬರೆಯುತ್ತದೆ. ಚಾರ್ಟ್ ಹಾಕುವ ಮೊದಲು ಎಡ ಮೇಲಿನ ಮೂಲೆಯ ಸೆಲ್ ಖಾಲಿ ಮಾಡಿ, ಅಂದರೆ 'ವರ್ಷ' ಎಂಬ ತಲೆಬರಹ ಅಳಿಸಿ. ಆಗ ಆ ಕಾಲಂ ಹೆಸರಿನ ಕಾಲಂ ಎಂದು ಅದಕ್ಕೆ ಹೊಳೆಯುತ್ತದೆ. ಈಗಾಗಲೇ ಚಾರ್ಟ್ ಆಗಿದ್ದರೆ 'ಸೆಲೆಕ್ಟ್ ಡೇಟಾ' ತೆರೆದು ವರ್ಷದ ಸೀರೀಸ್ ತೆಗೆದುಹಾಕಿ, ಬಲಗಡೆಯ 'ಎಡಿಟ್' ಒತ್ತಿ ವರ್ಷದ ಸೆಲ್‌ಗಳನ್ನು ತೋರಿಸಿ. ತಿಂಗಳುಗಳು ಲೆಜೆಂಡ್‌ನಲ್ಲಿ, ಹಾಲು ಫ್ಯಾಟ್ ಕೆಳಗೆ ಬಂದಿದ್ದರೆ ಅದೇ ಕಿಟಕಿಯಲ್ಲಿ 'ಸ್ವಿಚ್ ರೋ/ಕಾಲಂ' ಒತ್ತಿ. ಸಾಲು ಜಾಸ್ತಿಯೋ ಕಾಲಂ ಜಾಸ್ತಿಯೋ ಎಂದು ಎಣಿಸಿ, ಜಾಸ್ತಿ ಇರುವುದನ್ನು ಎಕ್ಸೆಲ್ ಕೆಳಗಿನ ಅಕ್ಷಕ್ಕೆ ಹಾಕುತ್ತದೆ. ಅದೊಂದೇ ಅದರ ತರ್ಕ.

45383 ಎಂಬ ವಿಚಿತ್ರ ಅಂಕಿ ಕಂಡರೆ ಹೆದರಬೇಡಿ. ಎಕ್ಸೆಲ್ ದಿನಾಂಕವನ್ನು 1900ರ ಜನವರಿ 1ರಿಂದ ಎಣಿಸಿದ ದಿನಗಳಾಗಿ ಇಟ್ಟುಕೊಳ್ಳುತ್ತದೆ. 45383 ಅಂದರೆ 2024ರ ಏಪ್ರಿಲ್ 1. ಅಕ್ಷದ 'ನಂಬರ್' ವಿಭಾಗದಲ್ಲಿ 'ಡೇಟ್' ಆರಿಸಿದರೆ ಸರಿಹೋಗುತ್ತದೆ.

ಇನ್ನೊಂದು ಬಗೆ: ಕಂಬಗಳು ಸೂಜಿಯಷ್ಟು ತೆಳ್ಳಗಾಗಿವೆ, ನಡುವೆ ಬಯಲು. ಕೆಳಗಿನ ಅಕ್ಷ ದಿನಾಂಕದ ಅಕ್ಷವಾಗಿದೆ. ದಿನಕ್ಕೊಂದು ಜಾಗ ಬಿಟ್ಟು, ತಿಂಗಳಿಗೊಂದು ಕಂಬ ನೆಟ್ಟಿದೆ. 'ಫಾರ್ಮ್ಯಾಟ್ ಆಕ್ಸಿಸ್'ನಲ್ಲಿ 'ಟೆಕ್ಸ್ಟ್ ಆಕ್ಸಿಸ್' ಆರಿಸಿ, ಕಂಬಗಳು ತಕ್ಷಣ ಮೈ ತುಂಬಿಕೊಳ್ಳುತ್ತವೆ. ಜೊತೆಗೆ ಸೆಲ್ ಕೂಡ ನೋಡಿ. ಇಂಗ್ಲಿಷ್‌ನಲ್ಲಿ ಏಪ್ರಿಲ್ ಹೆಸರಿನ ಮೊದಲ ಮೂರಕ್ಷರ, ಅಡ್ಡಗೆರೆ, 24 ಎಂದು ಟೈಪ್ ಮಾಡಿದರೆ ಎಕ್ಸೆಲ್ ಅದನ್ನು 2024ರ ಏಪ್ರಿಲ್ ಅನ್ನುವ ಬದಲು ಈ ವರ್ಷದ ಏಪ್ರಿಲ್ 24 ಅಂದುಕೊಳ್ಳಬಹುದು.

ಹೆಸರುಗಳು ಅರ್ಧ ಮಾತ್ರ ಕಾಣುತ್ತಿವೆ

ಕರ್ನಾಟಕದ 31 ಜಿಲ್ಲೆಗಳ ಹೆಸರು ಹಾಕಿದರೆ ಒಂದು ಬಿಟ್ಟು ಒಂದು ಬರುತ್ತದೆ. ಜಾಗ ಸಾಲದೆ ಎಕ್ಸೆಲ್ ತಾನೇ ಕೈಬಿಟ್ಟಿದೆ. 'ಫಾರ್ಮ್ಯಾಟ್ ಆಕ್ಸಿಸ್', 'ಲೇಬಲ್ಸ್' ಒಳಗೆ 'ಸ್ಪೆಸಿಫೈ ಇಂಟರ್‌ವಲ್ ಯೂನಿಟ್' ಆರಿಸಿ 1 ಕೊಡಿ. ಎಲ್ಲ ಬರುತ್ತವೆ, ಆದರೆ ಓರೆಯಾಗಿಯೋ ನೆಟ್ಟಗೆ ಮೇಲ್ಮುಖವಾಗಿಯೋ. 'ಬೆಂಗಳೂರು ಗ್ರಾಮಾಂತರ', 'ಚಿಕ್ಕಬಳ್ಳಾಪುರ' ಓದಲು ಕತ್ತು ತಿರುಗಿಸಬೇಕು. ಅದರ ಬದಲು ಮಲಗಿದ ಕಂಬದ ಚಾರ್ಟ್ ಮಾಡಿ, ಅಂದರೆ 'ಬಾರ್'. ಹೆಸರುಗಳು ಎಡಕ್ಕೆ ಬಂದು ನೇರ ಓದಲು ಸಿಗುತ್ತವೆ. ಆಗ ಪಟ್ಟಿ ತಲೆಕೆಳಗಾಗುತ್ತದೆ, ಶೀಟಿನ ಮೊದಲ ಜಿಲ್ಲೆ ತಳಕ್ಕೆ. 'ಕೆಟಗರೀಸ್ ಇನ್ ರಿವರ್ಸ್ ಆರ್ಡರ್' ಟಿಕ್ ಮಾಡಿ. ಈಗ ಅಂಕಿಗಳ ಅಕ್ಷ ಮೇಲಕ್ಕೆ ಹಾರುತ್ತದೆ. ಅದೇ ಫಲಕದಲ್ಲಿ 'ಅಟ್ ಮ್ಯಾಕ್ಸಿಮಮ್ ಕೆಟಗರಿ' ಆರಿಸಿ ಕೆಳಗಿಳಿಸಿ.

ಲಾಭ ನಷ್ಟದ ಚಾರ್ಟಿನಲ್ಲಿ ನಷ್ಟದ ಕಂಬಗಳು ಹೆಸರುಗಳ ಮೇಲೆಯೇ ಹರಿದರೆ 'ಲೇಬಲ್ ಪೊಸಿಷನ್' ಅನ್ನು 'ಲೋ' ಮಾಡಿ. ಅಷ್ಟೇ.

ಲಕ್ಷ, ಕೋಟಿ ಬರುತ್ತಿಲ್ಲ

12,345,678 ಎಂದು ಬಂದರೆ ನಮ್ಮ ಸಭೆಯಲ್ಲಿ ಯಾರೂ ಓದುವುದಿಲ್ಲ. ಅಕ್ಷದ ಫಲಕದಲ್ಲಿ 'ನಂಬರ್' ತೆರೆದು, 'ಲಿಂಕ್ಡ್ ಟು ಸೋರ್ಸ್' ಟಿಕ್ ತೆಗೆದು, ಫಾರ್ಮ್ಯಾಟ್ ಕೋಡ್ ಡಬ್ಬಿಯಲ್ಲಿ ಇದನ್ನು ಹಾಕಿ 'ಆಡ್' ಒತ್ತಿ:

[>=10000000]##\,##\,##\,##0;[>=100000]##\,##\,##0;##,##0

ನಷ್ಟದ ಅಂಕಿಗಳಿಗೆ ಇದು ಕೆಲಸ ಮಾಡುವುದಿಲ್ಲ, ಅವು ಹಳೇ ಥರವೇ ಬರುತ್ತವೆ. ಇನ್ನೂ ಸುಲಭದ ದಾರಿ 'ಡಿಸ್‌ಪ್ಲೇ ಯೂನಿಟ್ಸ್'. ಪಟ್ಟಿಯಲ್ಲಿ ಮಿಲಿಯನ್, ಬಿಲಿಯನ್ ನೋಡಿ ಬಹಳ ಜನ ಮುಚ್ಚಿಬಿಡುತ್ತಾರೆ. ಸರಿಯಾಗಿ ನೋಡಿ, ನಡುವೆ 100000 ಮತ್ತು 10000000 ಇವೆ. ಅವೇ ನಮ್ಮ ಲಕ್ಷ, ಕೋಟಿ! ಆರಿಸಿದ ಮೇಲೆ ಅಕ್ಷದ ಪಕ್ಕ ಬರುವ ಲೇಬಲ್ ಮೇಲೆ ಕ್ಲಿಕ್ ಮಾಡಿ 'ಲಕ್ಷ ರೂಪಾಯಿ' ಎಂದು ಬದಲಿಸಿ.

ಬಣ್ಣ, ಕೊನೆಗೆ

'ಒಂದೇ ಕಂಬದ ಬಣ್ಣ ಬದಲಾಯಿತು' ಎಂದರೆ ನೀವು ಎರಡು ಸಲ ಬಿಡಿಬಿಡಿಯಾಗಿ ಕ್ಲಿಕ್ ಮಾಡಿದ್ದೀರಿ. ಮೊದಲ ಕ್ಲಿಕ್ಕಿಗೆ ಇಡೀ ಸೀರೀಸ್, ಎರಡನೆಯದಕ್ಕೆ ಒಂದೇ ಕಂಬ ಸೆಲೆಕ್ಟ್ ಆಗುತ್ತದೆ. ಹೊರಗೆಲ್ಲೋ ಕ್ಲಿಕ್ ಮಾಡಿ ಮತ್ತೆ ಶುರು ಮಾಡಿ.

ವರ್ಡ್‌ಗೆ ಅಂಟಿಸಿದಾಗ ಬಣ್ಣ ಬದಲಾದರೆ, ಅದು ವರ್ಡ್ ಫೈಲಿನ ಥೀಮ್ ಹಾಕಿಕೊಂಡಿದೆ. ಅಂಟಿಸುವಾಗ 'ಕೀಪ್ ಸೋರ್ಸ್ ಫಾರ್ಮ್ಯಾಟಿಂಗ್' ಆರಿಸಿ. ಆದರೆ ಅದರಲ್ಲೂ 'ಎಂಬೆಡ್ ವರ್ಕ್‌ಬುಕ್' ಅನ್ನುವುದನ್ನು ಆರಿಸಿದರೆ ಚಾರ್ಟಿನ ಹಿಂದೆ ಇಡೀ ಎಕ್ಸೆಲ್ ಫೈಲೇ ಹೋಗುತ್ತದೆ, ಬೇರೆ ಶೀಟುಗಳ ಸಮೇತ. ಸೆಕ್ರೆಟರಿಯವರ ಫೈಲಿನ ಮೂರನೇ ಶೀಟಿನಲ್ಲಿ ಸದಸ್ಯರ ಬ್ಯಾಂಕ್ ಖಾತೆ ನಂಬರ್‌ಗಳಿದ್ದವು. ಅವರ ಮುಖ ಆ ಹೊತ್ತಿನಲ್ಲಿ ನೋಡಬೇಕಿತ್ತು. ಹೊರಗೆ ಕೊಡುವ ಚಾರ್ಟನ್ನು 'ಪಿಕ್ಚರ್' ಆಗಿ ಅಂಟಿಸಿ, ಬೇರೆ ಯೋಚನೆಯೇ ಬೇಡ.

ಕಾಲಂ ಅಗಲ ಮಾಡಿದಾಗ ಚಾರ್ಟ್ ಕೂಡ ಎಳೆದಂತಾದರೆ, ಸಾಲು ಹೈಡ್ ಮಾಡಿದಾಗ ಚಪ್ಪಟೆಯಾದರೆ, 'ಫಾರ್ಮ್ಯಾಟ್ ಚಾರ್ಟ್ ಏರಿಯಾ'ದ 'ಪ್ರಾಪರ್ಟೀಸ್'ನಲ್ಲಿ 'ಡೋಂಟ್ ಮೂವ್ ಆರ್ ಸೈಜ್ ವಿತ್ ಸೆಲ್ಸ್' ಆರಿಸಿ.

ಇನ್ನು ವರದಿ ಪುಸ್ತಕ ಅಚ್ಚಾಗುವುದು ಕಪ್ಪು ಬಿಳುಪಿನಲ್ಲಿ. ಪರದೆ ಮೇಲೆ ಕೆಂಪು, ಹಸಿರು ಬೇರೆಬೇರೆ ಕಂಡರೂ ಅಚ್ಚಿನಲ್ಲಿ ಎರಡೂ ಒಂದೇ ಬೂದಿ ಬಣ್ಣ ಆಗಬಹುದು. ಒಂದು ಸೀರೀಸ್ ಕಡು ಬಣ್ಣ, ಇನ್ನೊಂದು ತಿಳಿ ಬಣ್ಣ ಇಡಿ. ಇಲ್ಲವೇ 'ಫಿಲ್' ಒಳಗೆ 'ಪ್ಯಾಟರ್ನ್ ಫಿಲ್' ಆರಿಸಿ ಓರೆ ಗೆರೆಗಳನ್ನು ತುಂಬಿ. ಚಾರ್ಟ್ ಸೆಲೆಕ್ಟ್ ಮಾಡಿಕೊಂಡೇ 'ಪೇಜ್ ಸೆಟಪ್' ತೆರೆದರೆ 'ಚಾರ್ಟ್' ಎಂಬ ಟ್ಯಾಬ್ ಇರುತ್ತದೆ. ಅಲ್ಲಿ 'ಪ್ರಿಂಟ್ ಇನ್ ಬ್ಲ್ಯಾಕ್ ಅಂಡ್ ವೈಟ್' ಟಿಕ್ ಮಾಡಿ ಪ್ರಿವ್ಯೂ ನೋಡಬಹುದು. ನಾನಂತೂ ಒಂದು ಪ್ರತಿ ತೆಗೆದು ಪಕ್ಕದ ಅಂಗಡಿಯಲ್ಲಿ ಅದನ್ನು ಜೆರಾಕ್ಸ್ ಮಾಡಿಸಿ ನೋಡುತ್ತೇನೆ. ಸೆಕ್ರೆಟರಿಯವರ ಚಾರ್ಟ್ ಜೆರಾಕ್ಸ್‌ನಲ್ಲಿ ಫ್ಯಾಟ್ ಗೆರೆ ಮಾಸಿಹೋಗಿತ್ತು. ಗೆರೆಯ ದಪ್ಪ ಏರಿಸಿ, ಬಣ್ಣ ಕಪ್ಪು ಮಾಡಿ ಕಳಿಸಿದೆವು.